‘ಇಷ್ಟ ಇಲ್ಲದಿದ್ರೆ ಬಿಟ್ಟುಬಿಡಿ’: ದೊಡ್ಡ ಟೆಕ್ ಕಂಪನಿಗಳ ವಿಷಯದಲ್ಲಿ ಇದು ಯಾಕೆ ಅಷ್ಟು ಸುಲಭವಲ್ಲ

ಗೂಗಲ್, ಆಪಲ್, ಮೆಟಾ, ಅಮೆಜಾನ್ ಬಗ್ಗೆ ಮಾತು ಶುರುವಾದರೆ ಸಾಕು, ಎರಡು ಬಣ ಆಗಿಬಿಡುತ್ತವೆ. ‘ಇವರು ನಮ್ಮನ್ನೇ ಮಾರಿಕೊಂಡು ದುಡ್ಡು ಮಾಡ್ತಿದ್ದಾರೆ’ ಅನ್ನುವುದು ಒಂದು ಬಣ. ‘ಯಾರೂ ಬಲವಂತ ಮಾಡಿಲ್ವಲ್ಲ, ಇಷ್ಟ ಇಲ್ಲದಿದ್ರೆ ಬಿಟ್ಟುಬಿಡಿ’ ಅನ್ನುವುದು ಇನ್ನೊಂದು ಬಣ. ಎರಡನೇ ಮಾತು ಕೇಳಲು ನ್ಯಾಯವಾಗಿಯೇ ಇದೆ. ಬೇರೆ ಸರ್ಚ್ ಎಂಜಿನ್ ಇದೆ, ಬೇರೆ ಫೋನ್ ಇದೆ, ಬೇರೆ ಮೆಸೇಜ್ ಆಪ್ ಇದೆ. ಆದರೂ ಬಿಟ್ಟು ಹೋಗುವವರು ತೀರಾ ಕಡಿಮೆ. ಯಾಕೆ?

ಅಮೆರಿಕದ ಕೋರ್ಟುಗಳು ಮತ್ತು ಯುರೋಪಿನ ಅಧಿಕಾರಿಗಳು ಕೆಲವು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದು ಇದೇ ಪ್ರಶ್ನೆಗೆ. 2024 ಮತ್ತು 2025ರಲ್ಲಿ ಒಂದರ ಹಿಂದೆ ಒಂದು ದೊಡ್ಡ ತೀರ್ಪು ಬಂತು. ಸುದ್ದಿಯಲ್ಲಿ ಅವು ‘ಇಷ್ಟು ಕೋಟಿ ದಂಡ’, ‘ಕಂಪನಿಗೆ ಹಿನ್ನಡೆ’ ಎಂಬ ಎರಡು ಸಾಲಿನಲ್ಲಿ ಮುಗಿದುಹೋಗುತ್ತವೆ. ನಾವು ದಿನವೂ ಕೈಯಲ್ಲಿ ಹಿಡಿಯುವ ವಸ್ತುವಿನ ವಿಷಯ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

## ದೊಡ್ಡದಾಗಿರುವುದೇ ತಪ್ಪಾ?

ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಅರ್ಧ ಜಗಳ ಹುಟ್ಟುವುದೇ ಇಲ್ಲಿ.

ಅಮೆರಿಕದಲ್ಲಿ ಇಂಥ ಮೊಕದ್ದಮೆಗಳಿಗೆಲ್ಲ ಬುನಾದಿ 1890ರ ಶೆರ್ಮನ್ ಕಾಯ್ದೆ. ರೈಲು ಮತ್ತು ಎಣ್ಣೆ ಕಂಪನಿಗಳ ಕಾಲದ್ದು. 1911ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಎಂಬ ದೈತ್ಯ ಕಂಪನಿಯನ್ನು 34 ತುಂಡು ಮಾಡಿದ್ದು ಇದೇ ಕಾಯ್ದೆಯಡಿ. ಇದರ ತಿರುಳು ಸರಳ. ಒಳ್ಳೆಯ ವಸ್ತು ಮಾಡಿ ಎಲ್ಲ ಗಿರಾಕಿಗಳನ್ನೂ ಗೆದ್ದರೆ ಅದು ಅಪರಾಧವಲ್ಲ. ಗೆದ್ದ ಮೇಲೆ ಬೇರೆಯವರು ಓಟಕ್ಕೇ ಇಳಿಯದಂತೆ ದಾರಿಗೆ ಅಡ್ಡ ಹಾಕಿದರೆ ಅಪರಾಧ.

ಹಾಗಾಗಿ ಪ್ರತಿ ಕೇಸಿನಲ್ಲೂ ಎರಡು ಪ್ರಶ್ನೆ ಇರುತ್ತವೆ. ಒಂದು, ಇದು ಯಾವ ಮಾರುಕಟ್ಟೆ, ಅಲ್ಲಿ ಈ ಕಂಪನಿಯದ್ದು ಏಕಸ್ವಾಮ್ಯವೇ, ಅಂದರೆ ಒಬ್ಬರದೇ ದರ್ಬಾರೇ? ಎರಡು, ಆ ದರ್ಬಾರನ್ನು ಉಳಿಸಿಕೊಂಡದ್ದು ಹೇಗೆ? ಮೊದಲ ಪ್ರಶ್ನೆಯಲ್ಲೇ ಎಷ್ಟೋ ಕೇಸುಗಳು ಬಿದ್ದುಹೋಗುತ್ತವೆ. ಅದು ಹೇಗೆ ಅಂತ ಮುಂದೆ ಗೊತ್ತಾಗುತ್ತದೆ.

ಹಳೆಯ ಕಾಲದಲ್ಲಿ ಒಬ್ಬರದೇ ದರ್ಬಾರಿನಿಂದ ಆಗುವ ನಷ್ಟವನ್ನು ಅಳೆಯಲು ಬೆಲೆ ನೋಡಿದರೆ ಸಾಕಿತ್ತು. ಎಣ್ಣೆ ದುಬಾರಿಯಾಯಿತಾ, ಟಿಕೆಟ್ ದುಬಾರಿಯಾಯಿತಾ? ಸರ್ಚಿಗೆ, ಮೆಸೇಜಿಗೆ ಬೆಲೆಯೇ ಇಲ್ಲ. ಸೊನ್ನೆ. ಹಾಗಾದರೆ ನಷ್ಟವನ್ನು ಎಲ್ಲಿ ಹುಡುಕಬೇಕು? ಇದಕ್ಕೆ ಉತ್ತರ ಬೇಕಾದರೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಬೇಕು.

## ನಾವು ದುಡ್ಡು ಕೊಡದಿದ್ದರೆ ಕೊಡುವವರು ಯಾರು?

ಎಲ್ಲ ಕಂಪನಿಗಳನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ. ಆಪಲ್‌ನ ಹೆಚ್ಚಿನ ಆದಾಯ ಫೋನ್, ಕಂಪ್ಯೂಟರ್ ಮಾರಾಟದಿಂದ ಬರುತ್ತದೆ. ಅಮೆಜಾನ್ ಅಂದರೆ ನಮಗೆ ಅಂಗಡಿ, ಆದರೆ ಅದರ ಲಾಭದ ದೊಡ್ಡ ಪಾಲು ಬೇರೆ ಕಂಪನಿಗಳಿಗೆ ಕಂಪ್ಯೂಟರ್ ಶಕ್ತಿಯನ್ನು ಬಾಡಿಗೆಗೆ ಕೊಡುವ ಕ್ಲೌಡ್ ವ್ಯಾಪಾರದ್ದು. ಗೂಗಲ್‌ನ ಮಾತೃ ಕಂಪನಿ ಆಲ್ಫಾಬೆಟ್‌ಗೆ ಸುಮಾರು ಮುಕ್ಕಾಲು ಪಾಲು ಆದಾಯ ಜಾಹೀರಾತಿನಿಂದ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ನಡೆಸುವ ಮೆಟಾಗೆ ನೂರಕ್ಕೆ 95ಕ್ಕಿಂತ ಜಾಸ್ತಿ ಜಾಹೀರಾತಿನಿಂದಲೇ.

‘ನಮ್ಮ ಮಾಹಿತಿಯನ್ನು ಮಾರುತ್ತಾರೆ’ ಅನ್ನುವ ಮಾತು ಇಲ್ಲೇ ಹುಟ್ಟಿದ್ದು. ಅದು ಪೂರ್ತಿ ಸರಿಯಲ್ಲ. ನಿಮ್ಮ ಹೆಸರು, ವಿಳಾಸದ ಪಟ್ಟಿಯನ್ನು ಯಾರಿಗೋ ಕೊಟ್ಟುಬಿಟ್ಟರೆ ಈ ಕಂಪನಿಗಳಿಗೇ ನಷ್ಟ, ಯಾಕೆಂದರೆ ಬಂಡವಾಳವೇ ಕೈಬಿಟ್ಟು ಹೋಗುತ್ತದೆ. ಅವು ಮಾರುವುದು ನಿಮ್ಮ ಕಣ್ಣ ಮುಂದೆ ಬರುವ ಅವಕಾಶವನ್ನು.

ಒಂದು ಕ್ಷಣವನ್ನು ಹತ್ತಿರದಿಂದ ನೋಡಿ. ನೀವು ಒಂದು ಸುದ್ದಿಯ ಲಿಂಕ್ ಒತ್ತಿದ್ದೀರಿ. ಶೀರ್ಷಿಕೆ ಕಾಣಿಸಿತು. ಅದರ ಕೆಳಗಿನ ಚೌಕ ಇನ್ನೂ ಖಾಲಿ, ಬೂದು ಬಣ್ಣ. ಆ ಖಾಲಿ ಚೌಕಕ್ಕೆ ಅಷ್ಟರಲ್ಲೇ ಹರಾಜು ನಡೆಯುತ್ತಿದೆ. ಈ ಪುಟ ಯಾವುದು, ಫೋನ್ ಯಾವುದು, ಈ ಓದುಗರು ಮೊದಲು ಏನೇನು ನೋಡಿದ್ದಾರೆ ಎಂಬ ಸುಳಿವುಗಳು ಹೋಗುತ್ತವೆ. ಜಾಹೀರಾತುದಾರರ ಪರವಾಗಿ ಕಂಪ್ಯೂಟರುಗಳು ಬೆಲೆ ಕೂಗುತ್ತವೆ. ಜಾಸ್ತಿ ಕೂಗಿದವರ ಚಿತ್ರ ಬಂದು ಕೂರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಿಮಗೆ ಕಂಡದ್ದು ಶೂಗಳ ಚಿತ್ರ ಮಾತ್ರ.

ಈ ಹರಾಜನ್ನು ನಡೆಸುವವರು ಯಾರು ಅನ್ನುವುದೇ ಒಂದು ದೊಡ್ಡ ಕೇಸಾಯಿತು. ಸುದ್ದಿ ತಾಣಗಳು ತಮ್ಮ ಜಾಗ ಮಾರಲು ಬಳಸುವ ಸಾಫ್ಟ್‌ವೇರ್ ಗೂಗಲ್‌ನದ್ದು. ಹರಾಜು ಕಟ್ಟೆಯೂ ಗೂಗಲ್‌ನದ್ದು. ಕೊಳ್ಳುವವರ ಕೈಯಲ್ಲಿರುವ ಸಾಧನವೂ ಅದರದ್ದೇ. ನಿಮ್ಮ ಮನೆ ಮಾರಿಸಿಕೊಡುವ ದಲ್ಲಾಳಿಯೇ ಕೊಳ್ಳುವವರ ದಲ್ಲಾಳಿಯೂ ಆಗಿ, ಹರಾಜು ಕೂಗುವವನೂ ಆದರೆ ನಿಮಗೆ ಸಿಕ್ಕಿದ ಬೆಲೆ ಸರಿಯಾದದ್ದಾ ಅಂತ ಹೇಗೆ ಗೊತ್ತಾಗುತ್ತದೆ? 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ, ಪ್ರಕಾಶಕರ ಸಾಧನ ಮತ್ತು ಹರಾಜು ಕಟ್ಟೆ ಈ ಎರಡರಲ್ಲೂ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಕಟ್ಟಿಕೊಂಡಿದೆ ಎಂದು ತೀರ್ಪು ಕೊಟ್ಟರು. ಜಾಹೀರಾತುದಾರರ ಕಡೆಯ ಸಾಧನದ ಬಗ್ಗೆ ಸರ್ಕಾರ ಮಾಡಿದ ಆರೋಪವನ್ನು ಅವರು ಒಪ್ಪಲಿಲ್ಲ.

## ಮೊದಲೇ ಸೆಟ್ ಆಗಿ ಬರುವುದರ ಬೆಲೆ

ನನಗೆ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದು. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಹೊಸ ಫೋನ್ ತೆಗೆದು ಬ್ರೌಸರಿನಲ್ಲಿ ಏನೋ ಟೈಪ್ ಮಾಡುತ್ತೀರಿ. ಯಾವ ಸರ್ಚ್ ಎಂಜಿನ್ ಬೇಕು ಅಂತ ಅದು ಸಾಮಾನ್ಯವಾಗಿ ಕೇಳುವುದಿಲ್ಲ. ಮೊದಲೇ ಒಂದು ಸೆಟ್ ಆಗಿರುತ್ತದೆ. ಇದನ್ನೇ ಡಿಫಾಲ್ಟ್ ಅನ್ನುವುದು. ಬದಲಾಯಿಸಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ನಾಲ್ಕೈದು ಸಲ ಒತ್ತಿದರೆ ಆಯಿತು, ಒಂದು ನಿಮಿಷದ ಕೆಲಸ.

ಒಂದು ನಿಮಿಷದಲ್ಲಿ ಬದಲಾಯಿಸಬಹುದಾದ ಈ ಜಾಗಕ್ಕಾಗಿ ಗೂಗಲ್ 2021ರಲ್ಲಿ ಆಪಲ್, ಫೋನ್ ತಯಾರಕರು, ಮೊಬೈಲ್ ಕಂಪನಿಗಳು, ಬ್ರೌಸರ್ ಕಂಪನಿಗಳಿಗೆಲ್ಲ ಸೇರಿ ಕೊಟ್ಟದ್ದು 2,630 ಕೋಟಿ ಡಾಲರ್. 2022ರಲ್ಲಿ ಆಪಲ್ ಒಂದಕ್ಕೇ ಸುಮಾರು 2,000 ಕೋಟಿ ಡಾಲರ್ ಹೋಯಿತು. ಈ ಲೆಕ್ಕ ಹೊರಗೆ ಬಂದದ್ದು ಅಮೆರಿಕ ಸರ್ಕಾರ ಹಾಕಿದ ಕೇಸಿನಿಂದ. ಜನ ತಾವಾಗಿಯೇ ಹುಡುಕಿಕೊಂಡು ಬರುವಂತಿದ್ದರೆ ಇಷ್ಟು ದುಡ್ಡು ಯಾಕೆ ಕೊಡಬೇಕು ಅಂತ ಕೇಳಬೇಕು ಅನ್ನಿಸುತ್ತದೆ, ಅಲ್ವಾ?

ನ್ಯಾಯಾಧೀಶ ಅಮಿತ್ ಮೆಹ್ತಾ ಇದನ್ನು ಕೂಲಂಕಷವಾಗಿ ನೋಡಿದರು. 2020ರಲ್ಲಿ ಅಮೆರಿಕದ ಸರ್ಚಿನಲ್ಲಿ ಗೂಗಲ್ ಪಾಲು ಶೇ 89ಕ್ಕಿಂತ ಜಾಸ್ತಿ, ಮೊಬೈಲಿನಲ್ಲಿ ಹತ್ತಿರ ಹತ್ತಿರ ಶೇ 95. ಅದೇ ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರಿನಲ್ಲಿ ಆ ಕಂಪನಿಯದ್ದೇ ಸರ್ಚ್ ಎಂಜಿನ್ ಬಿಂಗ್ ಡಿಫಾಲ್ಟ್ ಆಗಿ ಬರುತ್ತದೆ. ಅಲ್ಲಿ ಸುಮಾರು ಶೇ 80ರಷ್ಟು ಹುಡುಕಾಟ ಬಿಂಗ್‌ನಲ್ಲೇ ನಡೆಯುತ್ತದೆ. ಬಾಗಿಲು ಯಾವ ಕಡೆ ತೆರೆದಿದೆಯೋ ಹೆಚ್ಚಿನವರು ಆ ಕಡೆಯೇ ಹೋಗುತ್ತಾರೆ.

ಗೂಗಲ್‌ನ ವಾದವನ್ನೂ ಹೇಳಬೇಕು. ಜನ ನಮ್ಮನ್ನು ಆರಿಸಿಕೊಳ್ಳುವುದು ನಾವು ಚೆನ್ನಾಗಿರುವುದರಿಂದ ಎಂದು ಅದು ಹೇಳಿತು. ಬಿಂಗ್‌ನಲ್ಲಿ ಜನ ಅತಿ ಹೆಚ್ಚು ಹುಡುಕುವ ಪದವೇ ‘ಗೂಗಲ್’ ಎಂದು ಅದರ ವಕೀಲರು 2021ರಲ್ಲಿ ಯುರೋಪಿನ ಕೋರ್ಟಿನಲ್ಲಿ ವಾದಿಸಿದ್ದರು. ಅದರ ಗುಣಮಟ್ಟ ಚೆನ್ನಾಗಿದೆ ಎಂದು ಮೆಹ್ತಾ ಕೂಡ ಒಪ್ಪಿದರು. ಆದರೆ ಅವರು ಇನ್ನೊಂದು ಸುತ್ತನ್ನು ತೋರಿಸಿದರು. ಬಾಗಿಲು ನಿಮ್ಮದಾದರೆ ಜಾಸ್ತಿ ಜನ ಹುಡುಕುತ್ತಾರೆ. ಜಾಸ್ತಿ ಜನ ಹುಡುಕಿದರೆ ಯಾವ ಉತ್ತರ ಕೆಲಸಕ್ಕೆ ಬಂತು ಅಂತ ನಿಮಗೆ ಜಾಸ್ತಿ ಗೊತ್ತಾಗುತ್ತದೆ. ಅದರಿಂದ ಉತ್ತರ ಸುಧಾರಿಸುತ್ತದೆ, ಜಾಹೀರಾತಿನ ಆದಾಯ ಏರುತ್ತದೆ. ಆ ಆದಾಯದಿಂದ ಮತ್ತೆ ಬಾಗಿಲು ಕೊಳ್ಳುತ್ತೀರಿ. ಹೊಸಬರು ಈ ಸುತ್ತಿನೊಳಗೆ ಕಾಲಿಡುವುದು ಎಲ್ಲಿಂದ? 2024ರ ಆಗಸ್ಟ್ 5ರ ತೀರ್ಪಿನಲ್ಲಿ ಅವರು ಗೂಗಲ್ ಏಕಸ್ವಾಮ್ಯದ ಕಂಪನಿ, ಅದನ್ನು ಉಳಿಸಿಕೊಳ್ಳಲು ಕಾನೂನು ಮೀರಿದೆ ಎಂದರು.

ಶಿಕ್ಷೆಯ ಮಾತು ಬಂದದ್ದು ಒಂದು ವರ್ಷದ ಮೇಲೆ, 2025ರ ಸೆಪ್ಟೆಂಬರ್ 2ರಂದು. ಕ್ರೋಮ್ ಬ್ರೌಸರನ್ನು ಮಾರಿಸಬೇಕು ಎಂದು ಸರ್ಕಾರ ಕೇಳಿತ್ತು. ನ್ಯಾಯಾಧೀಶರು ಒಪ್ಪಲಿಲ್ಲ. ‘ನಮ್ಮದು ಮಾತ್ರ ಇರಬೇಕು’ ಎನ್ನುವ ಒಪ್ಪಂದ ಮಾಡುವಂತಿಲ್ಲ, ಸರ್ಚಿನ ಕೆಲವು ಮಾಹಿತಿಯನ್ನು ಎದುರಾಳಿಗಳಿಗೆ ಕೊಡಬೇಕು ಎಂದರು. ಡಿಫಾಲ್ಟ್ ಜಾಗಕ್ಕೆ ದುಡ್ಡು ಕೊಡುವುದನ್ನು ಪೂರ್ತಿ ನಿಲ್ಲಿಸಲಿಲ್ಲ.

ಇದು ಹೊಸ ಜಗಳವೇನಲ್ಲ. 1998ರಲ್ಲಿ ಇದೇ ರೀತಿ ಕಟಕಟೆಯಲ್ಲಿ ನಿಂತದ್ದು ಮೈಕ್ರೋಸಾಫ್ಟ್. ವಿಂಡೋಸ್ ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರನ್ನು ಅಂಟಿಸಿ ಕೊಟ್ಟು ನೆಟ್‌ಸ್ಕೇಪ್ ಎಂಬ ಬ್ರೌಸರನ್ನು ಹಿಂದಕ್ಕೆ ತಳ್ಳಿತು ಎಂಬುದು ಆರೋಪ. 2000ದಲ್ಲಿ ಕಂಪನಿಯನ್ನು ಎರಡು ಭಾಗ ಮಾಡಿ ಎಂಬ ಆದೇಶವೇ ಬಂದಿತ್ತು, ಮರುವರ್ಷ ಮೇಲಿನ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು. ಯುರೋಪಿನಲ್ಲಿ ಅದೇ ಕಂಪನಿ ‘ನಿಮಗೆ ಯಾವ ಬ್ರೌಸರ್ ಬೇಕು’ ಎಂದು ಕೇಳುವ ಪರದೆ ತೋರಿಸುತ್ತೇನೆಂದು 2009ರಲ್ಲಿ ಮಾತು ಕೊಟ್ಟಿತು. ಆಮೇಲೆ ಸುಮಾರು ಒಂದೂವರೆ ಕೋಟಿ ಜನರ ಕಂಪ್ಯೂಟರಿನಲ್ಲಿ ಆ ಪರದೆ ಬರಲೇ ಇಲ್ಲ. 2013ರಲ್ಲಿ 56.1 ಕೋಟಿ ಯೂರೋ ದಂಡ ಬಿತ್ತು. ಒಂದೇ ಒಂದು ಪರದೆಗೆ!

## ಎಲ್ಲರೂ ಅಲ್ಲೇ ಇದ್ದಾರೆ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರ ಮೆಸೇಜ್ ಗ್ರೂಪನ್ನು ಬೇರೆ ಆಪಿಗೆ ಸಾಗಿಸಲು ಹೊರಟೆ. ಹದಿನಾಲ್ಕು ಜನ. ಎಲ್ಲರಿಗೂ ವಿವರಿಸಿದೆ, ಇಬ್ಬರಿಗೆ ನಾನೇ ಇನ್‌ಸ್ಟಾಲ್ ಮಾಡಿಕೊಟ್ಟೆ. ಐದು ಜನ ಬಂದರು. ಮೊದಲ ವಾರ ಒಂದಿಷ್ಟು ಫೋಟೋ, ‘ಚೆನ್ನಾಗಿದೆ’ ಎಂಬ ಮಾತು. ಮೂರನೇ ವಾರಕ್ಕೆ ಅಲ್ಲಿ ನಾನೊಬ್ಬನೇ. ಅತ್ತೆ ಫೋನ್ ಮಾಡಿ ಹೇಳಿದರು: ‘ಅದೆಲ್ಲ ಸರಿ ಕಣೋ, ಆದ್ರೆ ನನ್ನ ಗೆಳತಿಯರೆಲ್ಲ ಇಲ್ಲೇ ಇದ್ದಾರಲ್ಲ.’

ಅತ್ತೆ ಹೇಳಿದ್ದಕ್ಕೆ ಅರ್ಥಶಾಸ್ತ್ರದಲ್ಲಿ ನೆಟ್‌ವರ್ಕ್ ಪರಿಣಾಮ ಅಂತ ಹೆಸರು. ಜಗತ್ತಿನಲ್ಲಿ ಒಂದೇ ಟೆಲಿಫೋನ್ ಇದ್ದರೆ ಅದು ಸುಮ್ನೆ ಒಂದು ಡಬ್ಬಿ. ಎರಡನೆಯದು ಬಂದಾಗ ಬೆಲೆ ಬರುತ್ತದೆ. ಪ್ರತಿ ಹೊಸ ಫೋನೂ ಹಳೆಯ ಎಲ್ಲ ಫೋನುಗಳ ಬೆಲೆಯನ್ನು ಏರಿಸುತ್ತದೆ. ಮೆಸೇಜ್ ಆಪ್, ಸಾಮಾಜಿಕ ಜಾಲತಾಣ ಎಲ್ಲಕ್ಕೂ ಇದೇ ಲೆಕ್ಕ. ಒಬ್ಬರು ಬಿಡುವುದು ಸುಲಭ, ಆದರೆ ಒಬ್ಬರೇ ಬಿಟ್ಟರೆ ಉಪಯೋಗವಿಲ್ಲ.

ಹಾಗಂತ ಇದು ಪ್ರಕೃತಿಯ ನಿಯಮ ಅಂದುಕೊಳ್ಳಬೇಡಿ. ಇಮೇಲ್ ನೋಡಿ. ಒಂದು ಕಂಪನಿಯ ಇಮೇಲ್‌ನಿಂದ ಇನ್ನೊಂದು ಕಂಪನಿಯ ಇಮೇಲಿಗೆ ಆರಾಮಾಗಿ ಬರೆಯಬಹುದು, ಎಲ್ಲರೂ ಒಪ್ಪಿದ ಒಂದೇ ನಿಯಮದ ಮೇಲೆ ಅದು ನಡೆಯುತ್ತದೆ. ಮೆಸೇಜ್ ಆಪ್‌ಗಳನ್ನು ಹಾಗೆ ಕಟ್ಟಲಿಲ್ಲ, ಅಷ್ಟೆ. ಬೇರೆ ಆಪ್‌ಗಳು ಕೇಳಿದರೆ ವಾಟ್ಸಾಪ್ ಬಾಗಿಲು ತೆರೆಯಲೇಬೇಕು ಎಂದು ಯುರೋಪಿನ ಹೊಸ ಕಾನೂನು ಈಗ ಹೇಳುತ್ತದೆ.

## ಎದುರಾಳಿಯನ್ನೇ ಕೊಂಡರೆ?

2012ರಲ್ಲಿ ಫೇಸ್‌ಬುಕ್ 100 ಕೋಟಿ ಡಾಲರಿಗೆ ಇನ್‌ಸ್ಟಾಗ್ರಾಮನ್ನು ಕೊಳ್ಳುವ ಮಾತು ಮುಗಿಸಿತು. ಆಗ ಇನ್‌ಸ್ಟಾಗ್ರಾಮಿನಲ್ಲಿ ಇದ್ದದ್ದು 13 ಉದ್ಯೋಗಿಗಳು. 2014ರಲ್ಲಿ ವಾಟ್ಸಾಪ್‌ಗೆ 1,900 ಕೋಟಿ ಡಾಲರ್ ಹೇಳಿತು. ಎರಡನ್ನೂ ಸರ್ಕಾರ ಆಗ ತಡೆಯಲಿಲ್ಲ. 2020ರ ಕೊನೆಯಲ್ಲಿ, ವ್ಯಾಪಾರದಲ್ಲಿ ಮೋಸ, ಏಕಸ್ವಾಮ್ಯದ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಇದು ಮುಂದೆ ಎದುರಾಳಿಯಾಗುವವರನ್ನು ಮೊದಲೇ ಕೊಂಡು ಮುಗಿಸಿದ್ದು ಎಂದು ಕೇಸು ಹಾಕಿತು.

ತೀರ್ಪು ಬಂದದ್ದು 2025ರ ನವೆಂಬರ್‌ನಲ್ಲಿ. ಗೆದ್ದದ್ದು ಮೆಟಾ. ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ನೋಡಿದ್ದು ಮೆಟಾಗೆ ಈಗ ಏಕಸ್ವಾಮ್ಯ ಇದೆಯೇ ಎಂಬುದನ್ನು. ಜನ ಈಗ ಹೊತ್ತು ಕಳೆಯುವುದು ವಿಡಿಯೋ ನೋಡುತ್ತಾ, ಅಲ್ಲಿ ಟಿಕ್‌ಟಾಕ್ ಇದೆ, ಯೂಟ್ಯೂಬ್ ಇದೆ, ಹಾಗಾಗಿ ಒಬ್ಬರದೇ ದರ್ಬಾರು ಎನ್ನಲಾಗದು ಎಂದರು. ಮೊದಲ ಪ್ರಶ್ನೆಯಲ್ಲೇ ಕೇಸು ಬೀಳುವುದು ಅಂದರೆ ಇದೇ. ಕೊಂಡದ್ದು 2012ರಲ್ಲಿ, ತೀರ್ಪು 2025ರಲ್ಲಿ. ನಡುವೆ 13 ವರ್ಷ. ಆ ಇನ್‌ಸ್ಟಾಗ್ರಾಮ್ ಬೇರೆಯಾಗಿಯೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ಈಗ ಯಾರೂ ತೋರಿಸಲಾರರು.

## ದಾರಿಯ ಸುಂಕ

ಆಪಲ್ ತನ್ನ ಆಪ್ ಸ್ಟೋರ್ ತೆರೆದದ್ದು 2008ರಲ್ಲಿ. ಆಪ್ ಮಾರಿದರೆ ನೂರರಲ್ಲಿ 30 ಆಪಲ್‌ಗೆ, 70 ಆಪ್ ಮಾಡಿದವರಿಗೆ. ಅಂಗಡಿ ನಡೆಸುವ ಖರ್ಚಿದೆ, ಕೆಟ್ಟ ಆಪ್‌ಗಳನ್ನು ಸೋಸಬೇಕು, ಪಾವತಿ ಸುರಕ್ಷಿತವಾಗಿರಬೇಕು ಎಂಬುದು ಕಂಪನಿಯ ಮಾತು. ಅದರಲ್ಲಿ ಹುರುಳಿದೆ. ಎದುರಿನವರ ಮಾತು: ಸುಂಕ ಕಟ್ಟಲು ನಮ್ಮ ತಕರಾರಿಲ್ಲ, ಆದರೆ ಐಫೋನಿಗೆ ಹೋಗಲು ಇರುವುದು ಇದೊಂದೇ ರಸ್ತೆ. ಸುಂಕದ ಗೇಟು ಹಾಕಿದವರೇ ಬೇರೆ ರಸ್ತೆ ಮಾಡಬಾರದು ಅಂದರೆ ಹೇಗೆ?

2020ರ ಆಗಸ್ಟ್ 13ರಂದು ಎಪಿಕ್ ಗೇಮ್ಸ್ ಕಂಪನಿ ತನ್ನ ಫೋರ್ಟ್‌ನೈಟ್ ಆಟದೊಳಗೆ ‘ನಮಗೇ ನೇರವಾಗಿ ದುಡ್ಡು ಕೊಡಿ, ಕಡಿಮೆಗೆ ಸಿಗುತ್ತದೆ’ ಎಂಬ ಬಟನ್ ಇಟ್ಟಿತು. ಅದೇ ದಿನ ಆಪಲ್ ಮತ್ತು ಗೂಗಲ್ ಎರಡೂ ಆಟವನ್ನು ತಮ್ಮ ಸ್ಟೋರಿನಿಂದ ತೆಗೆದವು. ಅದೇ ದಿನ ಎಪಿಕ್ ಕೋರ್ಟಿಗೂ ಹೋಯಿತು. 2021ರಲ್ಲಿ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರಾಜರ್ಸ್ ಹೆಚ್ಚಿನ ಆರೋಪಗಳಲ್ಲಿ ಆಪಲ್ ಪರ ನಿಂತರು. ಒಂದು ವಿಷಯ ಮಾತ್ರ ಬಿಡಲಿಲ್ಲ: ಹೊರಗೆ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಹೇಳುವ ಲಿಂಕನ್ನು ಆಪಲ್ ತಡೆಯುವಂತಿಲ್ಲ.

ಆಪಲ್ ಲಿಂಕಿಗೆ ಒಪ್ಪಿಗೆ ಕೊಟ್ಟಿತು. ಜೊತೆಗೆ, ಆ ಲಿಂಕಿನಿಂದ ಹೋಗಿ ಹೊರಗೆ ಕೊಂಡರೂ ನೂರಕ್ಕೆ 27 ಕಮಿಷನ್ ಇಟ್ಟಿತು. ಒತ್ತಿದವರಿಗೆ ಎಚ್ಚರಿಕೆಯ ಪರದೆಯನ್ನೂ ತೋರಿಸಿತು. ಮೂವತ್ತರ ಬದಲು ಇಪ್ಪತ್ತೇಳು! 2025ರ ಏಪ್ರಿಲ್ ಕೊನೆಗೆ ಅದೇ ನ್ಯಾಯಾಧೀಶೆ, ಇದು ಬೇಕಂತಲೇ ಮಾಡಿದ ಆದೇಶ ಉಲ್ಲಂಘನೆ ಎಂದರು.

ಸುಂಕದ ಪಕ್ಕದಲ್ಲೇ ಇನ್ನೊಂದು ತಕರಾರಿದೆ: ರಸ್ತೆಯ ಒಡೆಯರೇ ರಸ್ತೆ ಬದಿಯಲ್ಲಿ ಅಂಗಡಿ ಇಡುವುದು. ಅಂಪೈರ್ ತಾನೇ ಬ್ಯಾಟ್ ಹಿಡಿದ ಹಾಗೆ. ಗೂಗಲ್ ತನ್ನ ಸರ್ಚಿನಲ್ಲಿ ತನ್ನದೇ ಶಾಪಿಂಗ್ ಸೇವೆಯನ್ನು ಮೇಲೆ ತೋರಿಸಿ, ಬೆಲೆ ಹೋಲಿಸುವ ಬೇರೆ ತಾಣಗಳನ್ನು ಕೆಳಗೆ ತಳ್ಳಿತು ಎಂದು ಯುರೋಪ್ 2017ರಲ್ಲಿ 242 ಕೋಟಿ ಯೂರೋ ದಂಡ ಹಾಕಿತು. ಕೊನೆಯ ಮೇಲ್ಮನವಿ ಬಿದ್ದದ್ದು 2024ರ ಸೆಪ್ಟೆಂಬರ್‌ನಲ್ಲಿ.

## ಒಳಗೆ ಬರಲು ಒಂದು ಕ್ಲಿಕ್

ಚಂದಾ ರದ್ದು ಮಾಡಲು ಹೋಗಿದ್ದೀರಾ? ‘ಸೌಲಭ್ಯ ಉಳಿಸಿಕೊಳ್ಳಿ’ ಎಂಬ ಬಟನ್ ಬಣ್ಣ ತುಂಬಿಕೊಂಡು ದೊಡ್ಡದಾಗಿ ಇರುತ್ತದೆ. ‘ರದ್ದು ಮಾಡಲು ಮುಂದುವರಿಯಿರಿ’ ಎಂಬುದು ಬೂದು ಅಕ್ಷರದಲ್ಲಿ ಮೂಲೆಯಲ್ಲಿರುತ್ತದೆ. ಒತ್ತಿದರೆ ಮತ್ತೊಂದು ಪುಟ: ‘ನೀವು ಕಳೆದುಕೊಳ್ಳುವುದು ಇವನ್ನೆಲ್ಲ.’ ಆಮೇಲೆ ಇನ್ನೊಂದು. ನಮ್ಮನ್ನು ದಣಿಸಿ ವಾಪಸ್ ಕಳಿಸುವ ಇಂಥ ವಿನ್ಯಾಸಕ್ಕೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರು.

ಅಮೆಜಾನ್ ಪ್ರೈಮ್ ಮೇಲೆ 2023ರಲ್ಲಿ ಹಾಕಿದ ದೂರಿನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಲೆಕ್ಕ ಹಾಕಿ ತೋರಿಸಿತು. ರದ್ದು ಮಾಡಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆ. ಕಂಪನಿಯ ಒಳಗೆ ಈ ವ್ಯವಸ್ಥೆಗೆ ಇಟ್ಟ ಹೆಸರು ‘ಇಲಿಯಡ್’ ಎಂದೂ ದೂರಿನಲ್ಲಿದೆ. ವರ್ಷಗಟ್ಟಲೆ ಮುಗಿಯದ ಟ್ರಾಯ್ ಯುದ್ಧದ ಗ್ರೀಕ್ ಮಹಾಕಾವ್ಯದ ಹೆಸರು ಅದು. 2025ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ತಪ್ಪು ಒಪ್ಪದೆ, 250 ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ವಾಪಸ್ ಹೋಗಬೇಕಾದದ್ದು.

## ಅಪಘಾತದ ನಂತರವೋ, ಮೊದಲೋ?

ಇಲ್ಲಿಯವರೆಗೆ ನೋಡಿದ ಹೆಚ್ಚಿನ ಕೇಸುಗಳಲ್ಲಿ ಒಂದು ವಿಷಯ ಗಮನಿಸಿರಬಹುದು. ತಪ್ಪು ನಡೆಯುತ್ತದೆ, ಕೇಸು ಬೀಳುತ್ತದೆ, ಐದಾರು ವರ್ಷದ ಮೇಲೆ ತೀರ್ಪು ಬರುತ್ತದೆ, ಅಷ್ಟರಲ್ಲಿ ಆಟವೇ ಬದಲಾಗಿರುತ್ತದೆ. ಯುರೋಪ್ ಇದಕ್ಕೆ ಬೇರೆ ದಾರಿ ಹಿಡಿಯಿತು. ಅಪಘಾತವಾದ ಮೇಲೆ ದಂಡ ಹಾಕುವ ಬದಲು ರಸ್ತೆಗೆ ಮೊದಲೇ ಉಬ್ಬು ಹಾಕುವ ದಾರಿ.

ಅದರ ಹೆಸರು ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್. 2023ರ ಸೆಪ್ಟೆಂಬರ್‌ನಲ್ಲಿ ಆಲ್ಫಾಬೆಟ್, ಅಮೆಜಾನ್, ಆಪಲ್, ಟಿಕ್‌ಟಾಕ್‌ನ ಮಾತೃ ಕಂಪನಿ ಬೈಟ್‌ಡಾನ್ಸ್, ಮೆಟಾ, ಮೈಕ್ರೋಸಾಫ್ಟ್ ಈ ಆರನ್ನು ‘ಗೇಟ್‌ಕೀಪರ್’, ಅಂದರೆ ಬಾಗಿಲು ಕಾಯುವವರು ಎಂದು ಗುರುತಿಸಿದರು. 2024ರ ಮಾರ್ಚ್ 7ರಿಂದ ಇವು ನಿಯಮ ಪಾಲಿಸಬೇಕು. ನಿಮ್ಮ ಸರಕನ್ನೇ ಮೇಲೆ ತೋರಿಸಬೇಡಿ. ಯಾವ ಬ್ರೌಸರ್ ಬೇಕೆಂದು ಜನರನ್ನು ಕೇಳಿ. ಆಪ್‌ಗಳು ಹೊರಗಿನ ಬೆಲೆ ಹೇಳಲು ಬಿಡಿ. ಮೀರಿದರೆ ಜಗತ್ತಿನಾದ್ಯಂತದ ವಹಿವಾಟಿನ ಶೇ 10ರವರೆಗೆ ದಂಡ. 2025ರ ಏಪ್ರಿಲ್‌ನಲ್ಲಿ ಆಪಲ್‌ಗೆ 50 ಕೋಟಿ, ಮೆಟಾಗೆ 20 ಕೋಟಿ ಯೂರೋ ಬಿತ್ತು.

ಇದಕ್ಕೂ ಬೆಲೆ ಇದೆ. 2024ರಲ್ಲಿ ಆಪಲ್ ತನ್ನ ಕೆಲವು ಹೊಸ ಸೌಲಭ್ಯಗಳನ್ನು ಯುರೋಪಿನಲ್ಲಿ ತಡವಾಗಿ ಕೊಡುವುದಾಗಿ ಹೇಳಿ, ಈ ಕಾನೂನನ್ನೇ ಕಾರಣವಾಗಿ ತೋರಿಸಿತು. ನಿಯಮ ಕಟ್ಟುನಿಟ್ಟಾದರೆ ಹೊಸದನ್ನು ಮಾಡುವ ಹುಮ್ಮಸ್ಸು ಕುಗ್ಗುತ್ತದೆ ಎನ್ನುವವರಿದ್ದಾರೆ. ನಿಯಮವೇ ಇಲ್ಲದಿದ್ದರೆ ಹೊಸಬರೇ ಬರುವುದಿಲ್ಲ ಎನ್ನುವವರೂ ಇದ್ದಾರೆ. ಈ ಕಾನೂನು ಬಂದು ಇನ್ನೂ ಕೆಲವೇ ವರ್ಷ ಆಗಿರುವುದರಿಂದ ಇಬ್ಬರಿಗೂ ಪೂರ್ತಿ ಪುರಾವೆ ಸಿಕ್ಕಿಲ್ಲ.

ಅಷ್ಟರಲ್ಲಿ ಬಾಗಿಲಿನ ಜಾಗವೇ ಬದಲಾಗುತ್ತಿದೆ. ಈಗ ಜನ ಸರ್ಚ್ ಪೆಟ್ಟಿಗೆಯಲ್ಲಿ ಟೈಪ್ ಮಾಡುವ ಬದಲು ಎಐ ಸಹಾಯಕನನ್ನು ಕೇಳುವುದು ಜಾಸ್ತಿಯಾಗುತ್ತಿದೆ. ಫೋನಿನ ಬದಿಯ ಬಟನ್ ಒತ್ತಿ ಹಿಡಿದಾಗ ಯಾರ ಸಹಾಯಕ ಎದ್ದು ಬರಬೇಕು? ಅದನ್ನು ಮೊದಲೇ ಸೆಟ್ ಮಾಡಿ ಇಡುವವರು ಯಾರು, ಅದಕ್ಕೆ ಯಾರು ಯಾರಿಗೆ ಎಷ್ಟು ಕೊಡುತ್ತಾರೆ? ಮೆಹ್ತಾ ಅವರ 2025ರ ಆದೇಶದಲ್ಲಿ, ‘ನಮ್ಮದು ಮಾತ್ರ’ ಎಂಬ ಒಪ್ಪಂದ ಮಾಡಬಾರದು ಎಂದು ಹೇಳಿದ ಪಟ್ಟಿಯಲ್ಲಿ ಸರ್ಚ್ ಮತ್ತು ಕ್ರೋಮ್ ಜೊತೆ ಗೂಗಲ್‌ನ ಎಐ ಸಹಾಯಕ ಜೆಮಿನೈ ಹೆಸರೂ ಇದೆ.